ಬಿಗಿ ಕೈ

ಹೋದ ವಾರ ನಿಪ್ಪಾಣಿ ಕಾರ್ಖಾನ್ಯಾಗ
ಸಾವಿರಕ್ಕ ಇನ್ನೂರು ಛಾಟ.
ಸಡ್ಲಂದ ಭೂಪಾಲ,
ಹಿಡಿ ಬೀಡಿ ಹಿಚುಕಿ ಮುರದ.

ಅವತ್ತಿನಿಂದ ನನ್ನ ಹೆಬ್ಬೆರಳಿಗೆ ಅಂಜಿಕಿ.
ಎಲಿ ಕತ್ತರಿಸಿ, ತಂಬಾಕು ಸುರುವಿ,
ಕೂಸಿನ ಬಾಯಿ ಒರಸೋ ಹಗುರ ಮರತು
ಬಾವಿ ಹಗ್ಗ ಹೊಸದಂಗ ಹೊಸದೆ.
ದಾರ ಸುತ್ತೋವಾಗ ಉಸಿರು ಹಿಡದೆ.

ಈ ವಾರ ತಾನ ತುಟಿಗಿಟ್ಟು ಎಳದ.
ಗಲ್ಲ ಒಳಗ ಹೋದವು, ಹೊಗಿ ಬರಲಿಲ್ಲ.
"ಇದೇನ ಹೌಸಾಕ್ಕಾ, ಬೀಡಿಯೋ ಮೊಳಿಯೋ?"
ಮತ್ತ ಛಾಟ. ಮುನ್ನೂರಾ ಹನ್ನೆರಡು.

ಓಣ್ಯಾಗ ದತ್ತೋಬಾ ಮಾಮಾ ಕುಂತಿದ್ದ,
ಹಮಾಲಿ ಬಿಟ್ಟಾನ, ಚಟ ಬಿಟ್ಟಿಲ್ಲ.
"ಒಗೀಬ್ಯಾಡ, ತಾ ಇಲ್ಲೆ."
ಕಿವಿ ಹತ್ರ ಹಿಡದು ಎರಡು ಬೆರಳಾಗ ಹೊರಳಿಸಿದ,
ಹಲ್ಲಿ ಲೊಚಗುಟ್ಟಿದಂಗ ಒಳಗ ಸಣ್ಣ ಸದ್ದು.
ತುದಿಯಿಂದ ಚಿಟಿಕಿ ತಂಬಾಕು ಉದುರಿಸಿದ.
ಕಸಬರಿಗಿ ಕಡ್ಡಿ ಹಾಕಿದ, ಮುರೀತು.
"ನಿನ್ನ ಪಿನ್ನು ಕೊಡವಾ."

ಹೆಗಲ ಮ್ಯಾಲಿಂದು ಬಿಚ್ಚಿ ಕೊಟ್ಟೆ,
ಸೆರಗು ಹಲ್ಲಾಗ ಕಚ್ಚಿ ನಿಂತೆ.
ಚುಚ್ಚಿದ, ತಿರುವಿದ, ಕಡ್ಡಿ ಗೀರಿದ.
ಎಳದ. ಕೆಮ್ಮಿದ. ನಡುವ ಆರಿತು,
ಕೆಂಡದಾಗಿಂದನ ಮತ್ತ ಚುಚ್ಚಿದ, ಮತ್ತ ಎಳದ.
"ಎಲಿ ಛಲೋ ಐತಿ," ಅಂದ,
"ಕೈ ಯಾರ ಮ್ಯಾಲ ಸಿಟ್ಟಾಗೇತಿ?"

ನಾ ಏನೂ ಅನಲಿಲ್ಲ.
ಪಿನ್ನು ಕರ್ರಗಾಗಿ ತಿರುಗಿ ಬಂತು.
ಮೈಗೆ, ತಲೀಗೆ, ರೊಟ್ಟಿಗೆ
ಹಸಿ ತಂಬಾಕಿನ ವಾಸನಿ ಹುಟ್ಟಿದಾಗಿಂದ ಐತಿ,
ಗೊತ್ತ ಆಗೂದಿಲ್ಲ.
ಪಿನ್ನಿಂದು ಬ್ಯಾರೆ. ಸುಟ್ಟದ್ದು.
ನಾ ಸುತ್ತಿದ್ದು ಹಿಂಗ ನಾರತೈತಂತ
ಹದಿನೆಂಟು ವರ್ಷದಾಗ ಅವತ್ತ ತಿಳೀತು.

ತೊಳೀಲಿಲ್ಲ. ಹಂಗ ಹೆಗಲಿಗೆ ಹಾಕ್ಕೊಂಡು
ಉಳಿದ ಮುನ್ನೂರಾ ಹನ್ನೊಂದು
ಬಿಚ್ಚಾಕ ಕುಂತೆ.