ಬಾಗಿಲಿನ ಒಳಮೈ

ತಿಜೋರಿ ಹಳೆಯದೇ ಇರಲಿ, ಬೀಗ ಮಾತ್ರ ಹೊಸದಾಗಲಿ
ಎಂದು ಔಷಧ ಇಲಾಖೆಯಿಂದ ಕಾಗದ ಬಂದಿತ್ತು.
ಅದಕ್ಕೇ ನಾನು, ಲಿಯೆಪಾಯಾದ ಗಾಳಿಗೆ ಬೆನ್ನು ಕೊಟ್ಟು,
ಟ್ರಾಮಿನಲ್ಲಿ ಡ್ರಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ.

ಆರಿಯಾಗೆ ಎಪ್ಪತ್ತರ ಮೇಲೆ ಮೂರೋ ನಾಲ್ಕೋ.
ಔಷಧಿ ಅಂಗಡಿಯ ತುಂಬ ವಲೇರಿಯನ್ ಬೇರಿನ ವಾಸನೆ.
"ಬೆಕ್ಕುಗಳು ಕಿಟಕಿ ಬಿಟ್ಟು ಕದಲೋದಿಲ್ಲ" ಅಂದರು, ನಗಲಿಲ್ಲ.
ಕೊರಳಿನ ದಾರದಿಂದ ಬೀಗದಕೈ ಬಿಚ್ಚಿ ಕೊಟ್ಟರು.
ಮೈಬಿಸಿ ಇನ್ನೂ ಇತ್ತು ಅದರಲ್ಲಿ.

ಗೇಣುದ್ದ, ಎರಡೂ ಕಡೆ ಹಲ್ಲು.
ಎಡಕ್ಕೊಂದು ಸುತ್ತು, ಹಿಡಿಯನ್ನು ಚೂರೇ ಚೂರು ಮೇಲೆತ್ತಿ, ಮತ್ತೆ ಅರ್ಧ.
"ಎತ್ತದಿದ್ದರೆ ಮುನಿಸು ಅದಕ್ಕೆ."

ಒಳಗಿನ ತಗಡಿಗೆ ಹನ್ನೆರಡು ತಿರುಪು.
ಹನ್ನೊಂದು ಬಂದವು. ಒಂದಕ್ಕೆ ಎಣ್ಣೆ ಬಿಟ್ಟು
ಇಬ್ಬರೂ ಚಹಾ ಕುಡಿದೆವು.
ಆಮೇಲೆ ತಗಡು ಕಳಚಿತು:
ಕಾಡಿಗೆಯಂಥ ಜಿಡ್ಡು, ಅಡ್ಡಡ್ಡ ಮಲಗಿದ ಅಗುಳಿಗಳು,
ಬಾಗಿಲಿನ ಒಳಮೈಯಲ್ಲಿ ಮೊಳೆಯಿಂದ ಗೀಚಿದ ಹೆಸರುಗಳು.

ಜರ್ಮನ್ ಅಕ್ಷರದಲ್ಲಿ ಒಬ್ಬ, 1911.
ರಷ್ಯನ್ ಅಕ್ಷರದಲ್ಲಿ ಇನ್ನೊಬ್ಬ, 1958,
ಪಕ್ಕದಲ್ಲಿ "ಚಳಿ" ಎಂಬ ಒಂದೇ ಮಾತು.
ತೊಂಬತ್ತನಾಲ್ಕರಲ್ಲಿ ತಾಲಿವಾಲ್ದಿಸ್, ನನಗೆ ಅರ ಹಿಡಿಯಲು ಕಲಿಸಿದವನು,
ಅಕ್ಷರ ಯಾವಾಗಲೂ ಎಡಕ್ಕೇ ಬೀಳುತ್ತಿತ್ತು, ಇಲ್ಲೂ ಬಿದ್ದಿದೆ.
ಊರಿನ ಬಾವುಟ ಎಷ್ಟು ಸಲ ಬದಲಾಯಿತೋ.
ಇದು ನಮ್ಮ ಕಸುಬಿನವರ ಅಂಚೆ,
ಬೀಗ ಕೆಟ್ಟಾಗ ಮಾತ್ರ ಬಟವಾಡೆ.

ಅಗುಳಿ ಅದೇ, ಉಕ್ಕು ಅದೇ. ಗುಂಡಿಗೆ ಮಾತ್ರ ಬೇರೆ.
ಮೂರು ತೂತು ಕೊರೆದು, ತಂತಿ ತೂರಿಸಿ, ಬ್ಯಾಟರಿ ಕೂರಿಸಿ,
ಹೆಬ್ಬೆರಳಿನಷ್ಟು ಕಪ್ಪು ಕೀಲಿಯನ್ನು ಅವರ ಅಂಗೈಗಿಟ್ಟು ಹೇಳಿದೆ:
ಇದನ್ನು ಮುಟ್ಟಿಸಿದರೆ ನೀವು ಯಾರೆಂದು ಅದಕ್ಕೆ ತಿಳಿಯುತ್ತೆ.
ಹತ್ತು ನಿಮಿಷ ಕಾಯಿಸುತ್ತೆ.
ಯಾರು, ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲ ಬರೆದಿಡುತ್ತೆ.

"ಮರೆಯೋದಿಲ್ಲವಾ?"

ಮೂರು ಸಾವಿರ ಸಲ ತೆರೆದ ಮೇಲೆ ಹಳೆಯದನ್ನು ಮರೆಯುತ್ತೆ.

ಅವರು ಬೆರಳು ಮಡಚಿ ಏನೋ ಲೆಕ್ಕ ಹಾಕಿದರು.
"ತೊಂಬತ್ತೆರಡರ ಚಳಿಗಾಲ. ಆಸ್ಪತ್ರೆಯಲ್ಲಿ ಕಾಯಿಸಲು ಒಲೆಯೂ ಇಲ್ಲ.
ಎದುರು ಮನೆಯ ಎಮೀಲಿಯಾ ಮೂರು ರಾತ್ರಿ ಕೂಗಿದಳು.
ನಾಲ್ಕನೆಯ ರಾತ್ರಿ ಇದನ್ನು ತೆರೆದೆ.
ಚೀಟಿ ಇಲ್ಲ, ವೈದ್ಯರ ಸಹಿ ಇಲ್ಲ. ನಾಲ್ಕು ಮಾರ್ಫಿನ್.
ಪುಸ್ತಕದಲ್ಲಿ ಬರೆದೆ: ಕೈಜಾರಿ ಒಡೆದುಹೋದವು."
ತಿಜೋರಿಯ ಮೇಲೆ ಅಂಗೈ ಇಟ್ಟರು, ದನದ ಬೆನ್ನ ಮೇಲಿಡುವ ಹಾಗೆ.
"ಇದು ಬಾಯಿ ಬಿಡಲಿಲ್ಲ. ಎಲ್ಲ ಹೊಟ್ಟೆಯಲ್ಲಿಟ್ಟುಕೊಂಡಿತು."

ನನ್ನಲ್ಲಿ ಉತ್ತರವಿರಲಿಲ್ಲ.
ಹಳೆಯ ಬೀಗಕ್ಕೆ ಗೊತ್ತಿದ್ದುದು ಕೈಯೊಂದೇ.
ಇದಕ್ಕೆ ಹೆಸರು ಗೊತ್ತು, ಕೈ ಗೊತ್ತಿಲ್ಲ.
ಹೀಗೆ ಈಗ ಅನಿಸುತ್ತೆ. ಆಗ ನಾನು
ತಿರುಪುಗಳನ್ನು ಎಣಿಸುತ್ತ ಕೂತಿದ್ದೆ.

ಹಳೆಯ ಕೀಲಿಕೈಯನ್ನು ಕತ್ತರಿಸುವುದು ನಿಯಮ.
ಗರಗಸ ಎರಡು ನಿಮಿಷ ಕಿರುಚಿತು,
ಕಿಟಕಿಯ ಬೆಕ್ಕು ಅಷ್ಟಕ್ಕೂ ಏಳಲಿಲ್ಲ.
ಹಲ್ಲಿನ ಭಾಗ ನನ್ನ ಚೀಲಕ್ಕೆ, ಹಿಡಿಯ ಭಾಗ ಅವರ ದಾರಕ್ಕೆ.
ಇದನ್ನು ನಾನು ವರದಿಯಲ್ಲಿ ಬರೆದಿಲ್ಲ.

ತಾಲಿವಾಲ್ದಿಸನ ಕೆಳಗೆ ಗೀಚಿದೆ: ವಿಜ಼್ಮಾ, ಇಸವಿ.
ತಗಡು ಮುಚ್ಚಲು ಎತ್ತಿದಾಗ
"ಆ ಮೊಳೆ ಇತ್ತ ಕೊಡು" ಅಂದರು.
ಕನ್ನಡಕ ಹಣೆಗೇರಿಸಿ, ಉಕ್ಕಿಗೆ ಮೂಗು ತಾಗುವಷ್ಟು ಬಾಗಿ,
ಮಾತ್ರೆ ಎಣಿಸುವ ನಿಧಾನದಲ್ಲಿ ಬರೆದರು:

ಆ ನಾಲ್ಕು ಒಡೆದಿರಲಿಲ್ಲ.

ಹೆಸರು ಹಾಕಲಿಲ್ಲ.
ಹನ್ನೆರಡೂ ತಿರುಪು ಬಿಗಿದೆ. ಎಣ್ಣೆ ಕುಡಿದದ್ದಕ್ಕೆ ಇನ್ನೊಂದು ಸುತ್ತು.

ಹೊಸ ಬೀಗ ಕೀಕ್ ಎಂದಿತು.
ಮೊದಲ ದಾಖಲೆ: ಹನ್ನೊಂದು ಐವತ್ತೆರಡು, ಕೀಲಿ ಒಂದು, ಆರಿಯಾ.
ಹತ್ತು ನಿಮಿಷ ನಾವು ಸ್ಟೂಲುಗಳ ಮೇಲೆ ಕೂತು
ಕೆಂಪು ದೀಪ ಮಿಣುಕುವುದನ್ನು ನೋಡಿದೆವು.
ಹಸಿರಾಯಿತು. ಅವರು ಹಿಡಿಕೆ ಹಿಡಿದು, ಚೂರೇ ಚೂರು
ಮೇಲೆತ್ತಿ, ತಿರುಗಿಸಿದರು.

ಎತ್ತಬೇಕಾಗಿರಲಿಲ್ಲ.