ಕೊಂಡಿ

ಜೆನ್ಸಾನಿನ ಮೀನುಧಕ್ಕೆಯಲ್ಲಿ ಬೆಳಗಿನ ಜಾವ ಮೂರರಿಂದ
ನನ್ನ ಕೆಲಸ ಬರೀ ಅಂಕಿ ಬರೆಯುವುದು.
ಹೆಗಲ ಮೇಲೆ ಆಳುದ್ದದ ಟ್ಯೂನಾ ಹೊತ್ತು
ಹಮಾಲರು ಬರುತ್ತಾರೆ,
ಜ್ವರದ ಮಗುವನ್ನು ಆಸ್ಪತ್ರೆಗೆ ಒಯ್ಯುವವರ ಅವಸರದಲ್ಲಿ.
ತಕ್ಕಡಿಗೆ ಇಳಿಸುತ್ತಾರೆ, ನಾನು ಕೂಗುತ್ತೇನೆ:
ನಲವತ್ತೆರಡು. ಐವತ್ತೇಳೂವರೆ. ಮೂವತ್ತೊಂಬತ್ತು.
ಮೀನು ಹಡಗು ಹತ್ತುತ್ತದೆ,
ಅಂಕಿ ನನ್ನ ಪುಸ್ತಕದಲ್ಲಿ ಉಳಿಯುತ್ತದೆ.

ಒಂಬತ್ತಕ್ಕೆ ಮನೆ. ಎರಡು ಸಲ ಮಿಂದರೂ ಬಿಡದ ವಾಸನೆ.
ಆಮೇಲೆ ತೆರೆಯುತ್ತದೆ ನನ್ನ ಇನ್ನೊಂದು ಅಂಗಡಿ,
ಬಾಗಿಲಿಲ್ಲ, ಬೀಗವಿಲ್ಲ,
ಮೂಲೆ ಒಡೆದ ಅಂಗೈಯಗಲ ಗಾಜು.

ಒಂದು ಆಟ. ಅದೂ ಮೀನು ಹಿಡಿಯುವ ಆಟವೇ, ನಗಬೇಡಿ.
ಅದರ ಸಮುದ್ರಕ್ಕೆ ಉಪ್ಪಿಲ್ಲ, ದೋಣಿಗೆ ಡೀಸೆಲ್ ಬೇಡ,
ಹಿಡಿದದ್ದು ತಿಂಗಳಾದರೂ ನಾರುವುದಿಲ್ಲ.
ನನ್ನ ಹೆಸರಿನದೊಂದು ಕೊಂಡಿ ಕೊಟ್ಟಿದ್ದರು:
ಅದನ್ನೊತ್ತಿ ಯಾರಾದರೂ ಆಟಕ್ಕಿಳಿದರೆ ಒಂಬತ್ತು ಪೆಸೊ,
ಹತ್ತನೆಯ ಹಂತ ಮುಟ್ಟಿದರೆ ಮೇಲೆ ನಲವತ್ತು.

ಕೊಂಡಿ ಸರಪಳಿಗೂ ಇರುತ್ತದೆ, ಚೇಳಿಗೂ ಇರುತ್ತದೆ.
ಆಗ ನನಗೆ ಸರಪಳಿಯದಷ್ಟೇ ಹೊಳೆದಿತ್ತು.

ಮೊದಲು ತಂಗಿಗೆ ಕಳಿಸಿದೆ. ತಂಗಿ ಅವಳ ಗಂಡನಿಗೆ.
ಐಸ್ ಒಡೆಯುವ ರೋಮೆಲ್‌ಗೆ, ಸೀಗಡಿ ಸುಲಿಯುವ ಹುಡುಗಿಯರಿಗೆ,
ಚರ್ಚಿನ ಹಾಡುಗಾರರಿಗೆ. ಅಲ್ಲಿಂದ ಬೈಗುಳ ಬಂತು,
ಬೈಗುಳದ ಬೆನ್ನಿಗೇ ಇಬ್ಬರು ಸೇರಿದರು.
ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೂತು
ಪಕ್ಕದವಳ ನೋವು ಮರೆಸಿದೆ, ಒಂಬತ್ತು ಪೆಸೊ.
ಎದುರಿನವರ ಮುಖ ನೋಡುವುದು ಬಿಟ್ಟು
ಅವರ ಫೋನಿನಲ್ಲಿ ಜಾಗ ಎಷ್ಟಿದೆ ನೋಡತೊಡಗಿದೆ.
ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತಾರೆ;
ಹಳ್ಳವೇನೂ ಆಗಲಿಲ್ಲ, ಅಂಗಾಲು ಒದ್ದೆಯಾಯಿತು:
ಮಗನ ಶೂ, ಐದು ಕಿಲೊ ಅಕ್ಕಿ, ಕರೆಂಟಿನ ಅರ್ಧ ಬಿಲ್ಲು.

ಪ್ರುದೆನ್ಸಿಯೊ ಮಾಮ ಮೂವತ್ತು ವರ್ಷ ಮೀನು ಹೊತ್ತವನು.
ಬಲಹೆಗಲು ಎರಡು ಬೆರಳು ಕೆಳಗಿಳಿದಿದೆ,
ಅಂಗಿ ಯಾವಾಗಲೂ ಒಂದು ಕಡೆ ಜಾರುತ್ತದೆ.
ಈಗ ಗೇಟಿನ ಬಳಿ ಬಿಡಿ ಸಿಗರೇಟು ಮಾರುತ್ತಾನೆ.
ಓದು ಅಷ್ಟಕ್ಕಷ್ಟೆ. ನಾಲ್ಕನೆಯ ಹಂತದಲ್ಲೇ ನಿಂತುಬಿಟ್ಟಿದ್ದ.
"ಕೊಡು ಮಾಮ, ಸರಿ ಮಾಡಿಕೊಡ್ತೀನಿ" ಅಂದೆ.
ಅವನದು, ತಂಗಿಯದು, ರೋಮೆಲ್‌ನದು,
ಹಾಸಿಗೆಯ ಮೇಲೆ ಏಳು ಫೋನು, ಐಸಿನ ಮೇಲಿನ ಮೀನಿನಂತೆ ಸಾಲಾಗಿ;
ರಾತ್ರಿಯಿಡೀ ನನ್ನದೊಂದೇ ಹೆಬ್ಬೆರಳು
ಏಳು ಸಮುದ್ರ ಈಜಿ ಹತ್ತನೆಯ ಹಂತ ಮುಟ್ಟಿತು.

ತಿಂಗಳ ಕೊನೆಗೆ ಎರಡೇ ಪದ ಬಂದವು: ಅಸಹಜ ಚಟುವಟಿಕೆ.
ಎರಡು ಸಾವಿರದ ನೂರ ನಲವತ್ತು ಇದ್ದ ಕಡೆ
ಸೊನ್ನೆ ಕಣ್ಣು ಬಿಟ್ಟುಕೊಂಡು ಕೂತಿತ್ತು.
ಯಾರಿಗೆ ಬೈಯಲಿ?
ಧಕ್ಕೆಯಲ್ಲಿ ಯಾರ ಕಾಲಾದರೂ ತಕ್ಕಡಿಗೆ ತಾಗಿದರೆ
ಎಲ್ಲರಿಗಿಂತ ಮೊದಲು ಕಿರುಚುವವಳು ನಾನೇ.

ಎಲ್ಲರಿಗೂ ಹೇಳಿದೆ, ಅಳಿಸಿಬಿಡಿ, ಇನ್ನು ಬೇಕಾಗಿಲ್ಲ.
ರೋಮೆಲ್ ನಿಂತಲ್ಲೇ ಅಳಿಸಿದ.
ಸೀಗಡಿಯ ಹುಡುಗಿಯರು ಯಾವತ್ತೋ ಅಳಿಸಿದ್ದರಂತೆ.
ಪ್ರುದೆನ್ಸಿಯೊ ಮಾಮ ಮಾತ್ರ ತಲೆಯೆತ್ತಲಿಲ್ಲ,
ಚಿತ್ರ ನೋಡಿ ನೋಡಿಯೇ ಇಪ್ಪತ್ಮೂರನೆಯ ಹಂತದಲ್ಲಿದ್ದ.

"ನಾನು ಆಡಿದ್ರೆ ನಿಂಗೆ ದುಡ್ಡು ಬರ್ತಿತ್ತಾ?"
ಅವನಿಗೆ ಹೇಳೇ ಇರಲಿಲ್ಲ. ಹೂಂ ಅಂದೆ.
ಸಿಗರೇಟಿನ ಡಬ್ಬಿ ಮುಚ್ಚಿದ, ತೆರೆದ.
"ಹಾಗಾದ್ರೆ ಇಷ್ಟು ದಿನ ಮತ್ತೆ ಮೀನು ಹೊತ್ತೆ ಅನ್ನು."

ನಕ್ಕನೋ ಇಲ್ಲವೋ, ಲಾರಿಯೊಂದು ಅಡ್ಡ ಬಂತು.
ಲಾರಿ ದಾಟಿದ ಮೇಲೆ
ಬಿಸಿಯಾಗಿದ್ದ ಫೋನನ್ನು ನನ್ನ ಅಂಗೈಗೆ ಇಳಿಸಿದ,
ಎರಡೂ ಕೈಯಲ್ಲಿ, ಮೊಣಕಾಲು ತುಸು ಬಾಗಿಸಿ,
ಹಳೆಯ ಅಭ್ಯಾಸ.
ಗಾಜಿನೊಳಗೆ ನೀಲಿ ಟ್ಯೂನಾ, ಇನ್ನೂರು ಕಿಲೊ, ಬಾಲ ಬಡಿಯುತ್ತಿತ್ತು.

"ತೂಗು," ಅಂದ.
"ತೂಗಿ ಬರ್ಕೋ."