ಹನ್ನೊಂದು ಸೆಕೆಂಡು

ಮಾಲ್ದಾರೆಯಿಂದ ಈಚೆ ನಮ್ಮ ತೋಟ. ನಾನು ರೈಟರು.
ಚೆಕ್‌ರೋಲು, ತೂಕ, ಶನಿವಾರದ ಬಟವಾಡೆ.
ಜೊತೆಗೆ ‘ಆನೆ ಮಾಹಿತಿ’ ಗುಂಪಿನ ಅಡ್ಮಿನ್ನು:
ಇನ್ನೂರ ಹದಿನಾಲ್ಕು ಜನ, ಫಾರೆಸ್ಟಿನವರು ಮೂವರು,
ದುಬೈಯಲ್ಲಿ ಕೂತು ಆನೆ ಎಣಿಸುವ ಸಾಹುಕಾರರ ಅಳಿಯ.

ಆ ದಿನ ಐದೂ ಮುಕ್ಕಾಲಿಗೇ ಬಂದಿತ್ತು:
‘ಒಂಟಿ ಸಲಗ. ಏಳನೇ ಬ್ಲಾಕು. ಕೆರೆ ದಾಟಿದೆ.’
ನೋಡಿದೆವು. ಹೆಬ್ಬೆರಳು ಎತ್ತಿದೆವು, ನಲವತ್ತು ಹೆಬ್ಬೆರಳು.
ಲೈನ್ ಮನೆಯವರು ಒಬ್ಬರೂ ಆ ಗುಂಪಲ್ಲಿಲ್ಲ ಎಂಬುದು
ಯಾರಿಗೂ ಹೊಳೆದಿರಲಿಲ್ಲ.
ನನಗೆ ಒಮ್ಮೆ ಹೊಳೆದಿತ್ತು.
ಅವರದ್ದು ಬಟನ್ ಫೋನು ಅಂದುಕೊಂಡು ಬಿಟ್ಟೆ.

ಕಣದ ಕಂಬಕ್ಕೆ ಕಟ್ಟಿದ ಕ್ಯಾಮೆರಾ
ಕಾಫಿ ಕಳ್ಳರನ್ನು ಕಾಯಲಿಕ್ಕೆ.
ಅದು ಕಂಡದ್ದು ಪಾಲಿಯನ್ನು.
ಅದಕ್ಕೆ ಕೂಗಲು ಬಾರದು.

ನಾನೇ ತೆಗೆದೆ ಆ ತುಣುಕು, ನಾನೇ ಹಾಕಿದೆ.
‘ಎಚ್ಚರಿಕೆಗಾಗಿ’ ಎಂದು ಮೇಲೊಂದು ಸಾಲು, ಮುಗಿದ ಕೈ.
ಎಚ್ಚರಿಕೆಗೇ ಹಾಕಿದೆನೇ?
ಎಲ್ಲರಿಗಿಂತ ಮೊದಲು ನನಗೆ ಸಿಕ್ಕಿತಲ್ಲ ಎಂಬ ಸಣ್ಣ ಬಿಸುಪು
ಅಂಗೈಯಲ್ಲಿ ಇರಲಿಲ್ಲವೇ?

ಹತ್ತಕ್ಕೆ ಸಿದ್ದಾಪುರದ ಆಟೋ ಸ್ಟ್ಯಾಂಡು,
ಮಧ್ಯಾಹ್ನಕ್ಕೆ ಗೋಣಿಕೊಪ್ಪ, ಮಡಿಕೇರಿ.
ಸಂಜೆಯೊಳಗೆ ಯಾರೋ ಅದಕ್ಕೆ ಡೋಲಿನ ಸದ್ದು ಕೂಡಿಸಿ
ಆನೆ ಬರುವಲ್ಲಿ ಕೆಂಪು ಸುತ್ತು ಬರೆದು
‘ಕೊನೆವರೆಗೂ ನೋಡಿ’ ಎಂದಿದ್ದರು.
ಒಂಬತ್ತು ಲಕ್ಷ ಜನ ಕೊನೆವರೆಗೂ ನೋಡಿದರು.
ಹೆಣ ಇನ್ನೂ ಆಸ್ಪತ್ರೆಯಿಂದ ಬಂದಿರಲಿಲ್ಲ.

‘ಎಲ್ಲರಿಗೂ ಅಳಿಸು’ ಒತ್ತಿದೆ.
ಎಲ್ಲರೂ ಅಂದರೆ ಎಷ್ಟು ಜನವೆಂದು
ಫೋನಿಗೂ ಗೊತ್ತಿರಲಿಲ್ಲ.

ಹದಿನೈದು ದಿನ ಬಿಟ್ಟು ಅವಳ ಮಗ ರಂಜು ಬಂದ,
ಆಶ್ರಮ ಶಾಲೆ, ಎಂಟನೇ ಕ್ಲಾಸು.
ಬೈಯಲಿಕ್ಕೆ ಬಂದ ಅಂದುಕೊಂಡೆ. ಬೈದಿದ್ದರೆ ಚೆನ್ನಿತ್ತು.
ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತು,
‘ರೈಟರೇ, ಆ ವಿಡಿಯೋ ಇದೆಯಾ ನಿಮ್ಮ ಹತ್ರ?
ಆನೆ ಬರೋ ಮುಂಚಿನದ್ದು ಸಾಕು.
ಅವ್ವ ನಡೆಯೋದು ಇರೋದು ಅದೊಂದರಲ್ಲೇ.
ಆಧಾರ್ ಫೋಟೋದಲ್ಲಿ ಅವಳು ಬೇರೆ ಯಾರ ಹಾಗೋ ಇದ್ದಾಳೆ.’

ಕಂಪ್ಯೂಟರಿನ ಮುಂದೆ ಕೂತೆವು.
ಅವನು ಪರದೆ ನೋಡಲಿಲ್ಲ, ನನ್ನ ಮುಖ ನೋಡುತ್ತಿದ್ದ.
ಮಂಜು. ಹರವಿದ ಹಣ್ಣು.
ಬೆನ್ನು ಹಾಕಿ ನಡೆಯುತ್ತಾಳೆ, ಹೆಗಲಲ್ಲಿ ಖಾಲಿ ಚೀಲ,
ತಲೆಬಟ್ಟೆ ಬಿಚ್ಚಿ, ಕೊಡವಿ, ಮತ್ತೆ ಕಟ್ಟುತ್ತಾಳೆ,
ಉರುಳಿ ಬಂದ ಒಂದು ಹಣ್ಣನ್ನು
ಕಾಲ್ಬೆರಳಿಂದ ರಾಶಿಗೆ ಸೇರಿಸುತ್ತಾಳೆ.
ಯಾರೂ ನೋಡುತ್ತಿಲ್ಲವಲ್ಲ, ಆದರೂ.
ಹನ್ನೆರಡನೇ ಸೆಕೆಂಡಿಗೆ ತಿರುಗುತ್ತಾಳೆ.

ಎಲ್ಲಿ ಕತ್ತರಿಸಲಿ?
ತಿರುಗುವ ಮುಂಚೆ ಎಂದರೆ ಮುಖವೇ ಇಲ್ಲ.
ತಿರುಗಿದ ಮೇಲೆ ಎಂದರೆ
ಆಗಲೇ ಅವಳ ಕಣ್ಣಲ್ಲಿ ಅದು ಇದೆ.

ಹೇಳಿದೆ ಅವನಿಗೆ. ಬಹಳ ಹೊತ್ತು ಸುಮ್ಮನಿದ್ದ.
‘ಬೆನ್ನೇ ಇರಲಿ’ ಎಂದ.
ಮೆಮೊರಿ ಕಾರ್ಡನ್ನು ಕಂಪಾಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದ.
ಹಾಕಿ ನೋಡಲಿಕ್ಕೆ ಅವನ ಬಳಿ ಫೋನಿಲ್ಲ.

ಈಗ ಸಂದೇಶ ಬಂದರೆ ಟಾರ್ಚು ಹಿಡಿದು
ಲೈನಿನ ತನಕ ನಡೆದು ಕೂಗುತ್ತೇನೆ, ಬಾಯಲ್ಲೇ.
ನಾಯಿಗಳು ಮೊದಲು ಏಳುತ್ತವೆ.

ಉಳಿದ ಮೂವತ್ತೆರಡು ಸೆಕೆಂಡು ನನ್ನ ಹತ್ತಿರವೇ ಇದೆ.
ಅಳಿಸಬೇಕೆಂದೇ ತೆರೆಯುತ್ತೇನೆ.
ತೆರೆದಾಗಲೆಲ್ಲ
ಒಂಬತ್ತು ಲಕ್ಷದ ಮೇಲೆ ಮತ್ತೊಬ್ಬ.